ಸಣ್ಣ ಉರಿ ಎಲ್ಲಿದೆ?

ಒಗ್ಗರಣೆ ಸೌಟನ್ನು ಇಂಡಕ್ಷನ್ ಒಲೆಯ ಮೇಲಿಟ್ಟರೆ ಒಲೆ ಬೀಪ್ ಬೀಪ್ ಎಂದು ಕೂಗಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಆರಿಹೋಗುತ್ತದೆ. ಸೌಟು ಕಬ್ಬಿಣದ್ದಾದರೂ ಅಷ್ಟೆ. ತಳ ಸುಮಾರು 12 ಸೆಂಟಿಮೀಟರ್‌ಗಿಂತ ಚಿಕ್ಕದಾಗಿದ್ದರೆ ಮೇಲೆ ಪಾತ್ರೆಯೇ ಇಲ್ಲವೆಂದು ಹೆಚ್ಚಿನ ಒಲೆಗಳು ತಿಳಿಯುತ್ತವೆ. ಸಾರಿಗೂ ಪಲ್ಯಕ್ಕೂ ಮೊಸರನ್ನಕ್ಕೂ ಒಗ್ಗರಣೆ ಬೇಕೇಬೇಕು ಎನ್ನುವ ಅಡುಗೆಮನೆಗೆ ಇದು ಸಣ್ಣ ಕೊರತೆಯಲ್ಲ. ಆದರೂ ಅಂಗಡಿಯಲ್ಲಿ ಈ ಒಲೆಯನ್ನು ಗ್ಯಾಸಿನ ಬದಲಿಯೆಂದೇ ಮಾರುತ್ತಾರೆ. ಡಬ್ಬದ ಮೇಲೆ ಇಡ್ಲಿ, ದೋಸೆ, ಹಾಲು, ಸಾಂಬಾರಿನ ಚಿತ್ರಗಳಿರುತ್ತವೆ; 1800, 2000 ಎಂದು ವ್ಯಾಟ್ ಲೆಕ್ಕ ದಪ್ಪ ಅಕ್ಷರದಲ್ಲಿರುತ್ತದೆ. ಅಡುಗೆಯ ಗುಣ ನಿಜವಾಗಿ ನಿಂತಿರುವುದು ಡಬ್ಬದ ಮೇಲೆ ಸಾಮಾನ್ಯವಾಗಿ ಕಾಣಿಸದ ಎರಡು ಸಂಗತಿಗಳ ಮೇಲೆ: ಗಾಜಿನಡಿಯ ತಾಮ್ರದ ಸುರುಳಿ ಎಷ್ಟು ಅಗಲವಿದೆ, ಮತ್ತು ಒಲೆ ಸಣ್ಣ ಉರಿಯನ್ನು ಹೇಗೆ ಕೊಡುತ್ತದೆ.

ಈ ಒಲೆಯಲ್ಲಿ ಬಿಸಿ ಹುಟ್ಟುವ ಜಾಗ ಪಾತ್ರೆಯ ತಳ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದಕ್ಕೂ ಮುಂದಕ್ಕೂ ಹರಿದರೆ, ಒಲೆಯೊಳಗಿನ ಸರ್ಕ್ಯೂಟ್ ಅದನ್ನು ಇಪ್ಪತ್ತು ಸಾವಿರಕ್ಕೂ ಮೇಲೇರಿಸಿ ಸುರುಳಿಗೆ ಹರಿಸುತ್ತದೆ. ಆಗ ಏಳುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ವಿದ್ಯುತ್ತಿನ ಸುಳಿಗಳನ್ನೆಬ್ಬಿಸಿ ಅದನ್ನು ಕಾಯಿಸುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ ಮಾತ್ರ. ಹಾಗಾಗಿ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಳ್ಳುವ ತಳ ಬೇಕು. ಬರೀ ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ ತಪ್ಪಲೆ, ಮಣ್ಣಿನ ಮಡಕೆ, ಕಲ್ಚಟ್ಟಿ ಯಾವುದೂ ನಡೆಯದು. ಮನೆಯ ಸ್ಟೀಲ್ ಪಾತ್ರೆಗಳಲ್ಲೂ ಹಲವಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಒಲೆಯ ಬೆಲೆಗೆ ಪಾತ್ರೆಗಳ ಬೆಲೆಯನ್ನೂ ಸೇರಿಸಿ ನೋಡಿದಾಗಲೇ ಖರೀದಿಯ ಲೆಕ್ಕ ಸರಿಯಾಗುತ್ತದೆ.

ನೀರು ಕುದಿಸುವ ಕೆಲಸದಲ್ಲಿ ಮಾತ್ರ ಇದಕ್ಕೆ ಎದುರಾಳಿಯಿಲ್ಲ. ಖರ್ಚಾಗುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಶೇ. 85ರಷ್ಟು ಪಾತ್ರೆಗೆ ಸೇರುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 1800 ವ್ಯಾಟ್‌ನಲ್ಲಿ ಮೂರೂವರೆ ನಿಮಿಷ ಸಾಕು. ಖರ್ಚು ಒಂದು ಯೂನಿಟ್‌ನ ಹತ್ತನೇ ಒಂದು ಭಾಗ. ಅನ್ನ, ಬೇಳೆ, ಇಡ್ಲಿ, ಕಾಫಿಗೆ ಡಿಕಾಕ್ಷನ್ ನೀರು ಇವೆಲ್ಲ ಇಲ್ಲಿ ಸಲೀಸು. ಬೇಸಿಗೆಯಲ್ಲಿ ಫ್ಯಾನ್ ಹಾಕಿಕೊಂಡು ಅಡುಗೆ ಮಾಡಬಹುದು, ಉರಿ ಆರುವ ಭಯವಿಲ್ಲ. ಇಕ್ಕಟ್ಟಿನ ಅಡುಗೆಮನೆಯಲ್ಲಿ ಬೆವರುತ್ತ ನಿಲ್ಲುವವರಿಗೆ ಇದೊಂದೇ ದೊಡ್ಡ ಉಪಕಾರ.

ದೋಸೆ ಹಂಚು ಇಟ್ಟಾಗ ಚಿತ್ರ ಬದಲಾಗುತ್ತದೆ. ಗಾಜಿನ ಮೇಲೆ ಬರೆದ ವೃತ್ತ ದೊಡ್ಡದಾಗಿದ್ದರೂ ಅಡಿಯ ಸುರುಳಿ ಅದಕ್ಕಿಂತ ಕಿರಿದಾಗಿರಬಹುದು. ಅದರ ನಡುಭಾಗ ಖಾಲಿ. ಆದ್ದರಿಂದ ಬಿಸಿ ಬಳೆಯಾಕಾರದಲ್ಲಿ ಏಳುತ್ತದೆ. ಕಬ್ಬಿಣ ಅಲ್ಯೂಮಿನಿಯಂನಷ್ಟು ಬೇಗ ಶಾಖ ಹರಡುವುದಿಲ್ಲ. ಹಿಟ್ಟು ಹುಯ್ದು ಅಗಲಿಸಿದರೆ ಬಳೆಯಿದ್ದ ಕಡೆ ಕೆಂಪಗೆ ಗರಿಯಾಗುತ್ತದೆ, ಅಂಚು ಬೆಳ್ಳಗೆ ಮೆತ್ತಗೆ ಉಳಿಯುತ್ತದೆ. ಶಾಖ ಏರಿಸಿದರೆ ಬಳೆ ಸೀದುಹೋಗುತ್ತದೆ, ಅಂಚು ಹಾಗೇ ಇರುತ್ತದೆ. ದಪ್ಪ ಹಂಚನ್ನು ಕಡಿಮೆ ವ್ಯಾಟ್‌ನಲ್ಲಿ ಐದಾರು ನಿಮಿಷ ನಿಧಾನವಾಗಿ ಕಾಯಿಸಿ, ಆಮೇಲೆ ಸುರುಳಿಯಗಲಕ್ಕೆ ಹೊಂದುವ ಚಿಕ್ಕ ದೋಸೆ ಹುಯ್ಯುವವರಿಗೆ ಒಳ್ಳೆಯ ಫಲ ಸಿಗುತ್ತದೆ. ಮೊದಲಿಗೇ ಪೂರ್ತಿ ಶಕ್ತಿ ಕೊಟ್ಟರೆ ಎರಕದ ಹಂಚು ಬಿರುಕು ಬಿಡುವುದೂ ಉಂಟು.

ಇನ್ನೂ ದೊಡ್ಡ ಆಕ್ಷೇಪ ಸಣ್ಣ ಉರಿಯದು. ಅಗ್ಗದ ಅನೇಕ ಮಾದರಿಗಳಿಗೆ ನಿಜವಾದ ಸಣ್ಣ ಉರಿ ಗೊತ್ತೇ ಇಲ್ಲ. 300 ವ್ಯಾಟ್ ಎಂದು ಒತ್ತಿದರೆ ಅವು ಕೆಲವು ಸೆಕೆಂಡು ಸಾವಿರದಾಸುಪಾಸು ವ್ಯಾಟ್ ಹರಿಸಿ, ಮತ್ತೆ ಕೆಲವು ಸೆಕೆಂಡು ಸುಮ್ಮನಾಗುತ್ತವೆ. ಸರಾಸರಿ ಮಾತ್ರ 300. ತೆಳು ತಳದ ಪಾತ್ರೆಯಲ್ಲಿ ಪಾಯಸವಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ಹಾಲು ಧಗ್ಗನೆ ಉಕ್ಕುತ್ತದೆ, ಸಪ್ಪಗಾಗುತ್ತದೆ, ಮತ್ತೆ ಉಕ್ಕುತ್ತದೆ. ಪ್ರತಿ ಉಕ್ಕಿಗೂ ತಳ ಒಂದಿಷ್ಟು ಹಿಡಿಯುತ್ತದೆ. ಬಿಸಿಬೇಳೆಬಾತಿನ ಕೊನೆಯ ಹತ್ತು ನಿಮಿಷ, ಮೈಸೂರು ಪಾಕಿನ ಎಳೆಪಾಕ, ಬೆಣ್ಣೆ ಕಾಯಿಸಿ ತುಪ್ಪ ಇಳಿಸುವ ಹೊತ್ತು ಇವೆಲ್ಲ ಒಂದೇ ಸಮನಾದ ಮಂದ ಶಾಖವನ್ನು ಬೇಡುವ ಕೆಲಸಗಳು. ಇಲ್ಲಿ ಸೋಲುವ ಒಲೆಯನ್ನು ಗ್ಯಾಸಿನ ಬದಲಿ ಎನ್ನುವುದು ತಪ್ಪು. ಚಿತ್ರವಿರುವ ಗುಂಡಿಗಳೂ ಸಹಾಯಕ್ಕೆ ಬರುವುದಿಲ್ಲ. ಹೆಚ್ಚಿನವು ಮೊದಲೇ ಗೊತ್ತುಮಾಡಿದ ವ್ಯಾಟ್ ಮತ್ತು ಸಮಯವಷ್ಟೆ. ಶಾಖ ಅಳೆಯುವ ಸೆನ್ಸರ್ ಗಾಜಿನ ಅಡಿಯಲ್ಲಿದೆ, ಪಾತ್ರೆಯೊಳಗಿನ ಹಾಲು ಅದಕ್ಕೆ ಕಾಣದು.

ಮುದ್ದೆಯ ವಿಷಯ ಬೇರೆ. ಎಸರು ಕುದಿಸಿ ಹಿಟ್ಟು ಬೇಯಿಸುವವರೆಗೆ ಒಲೆ ಚೆನ್ನಾಗಿಯೇ ನಡೆಯುತ್ತದೆ. ಕೋಲು ಹಾಕಿ ಒತ್ತಿ ತೊಳಸುವಾಗ ಪಾತ್ರೆ ನೆಲಕ್ಕಿಳಿಯಬೇಕು, ಗಾಜು ಆ ಒತ್ತಡಕ್ಕೆ ಮಾಡಿದ್ದಲ್ಲ. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಉಬ್ಬಿಸಬಹುದು. ಕೆಂಡದಲ್ಲೋ ಉರಿಯಲ್ಲೋ ಸುಡುವ ಬದನೆಕಾಯಿಗೆ, ಹಪ್ಪಳಕ್ಕೆ ಇಲ್ಲಿ ದಾರಿಯಿಲ್ಲ.

2000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಒಂಬತ್ತು ಆಂಪಿಯರ್‌ನಷ್ಟು ಎಳೆಯುತ್ತದೆ. ಪವರ್ ಪ್ಲಗ್ಗಿಗೇ ಹಾಕಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಕರಗಬಹುದು. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸದೆ ಒಳಗಿನ ಫ್ಯಾನ್ ನಿಲ್ಲುವವರೆಗೆ ಬಿಡಬೇಕು. ಅಡಿಯಲ್ಲಿ ಪೇಪರ್ ಹಾಸಿದರೆ ಗಾಳಿ ಕಿಂಡಿ ಮುಚ್ಚುತ್ತದೆ. ಆ ಕಿಂಡಿಯಿಂದಲೇ ಜಿರಳೆ ಹೊಕ್ಕು ಬೋರ್ಡ್ ಸುಟ್ಟುಹೋದ ಒಲೆಗಳು ರಿಪೇರಿ ಅಂಗಡಿಗಳಿಗೆ ಬರುತ್ತಲೇ ಇರುತ್ತವೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಉರಿಯುವ ಒಲೆಯಿಂದ ಎರಡಡಿ ದೂರವಿರುವುದು ಕ್ಷೇಮ.

ಉಳಿತಾಯದ ಮಾತನ್ನೂ ಅಳೆದು ನೋಡಬೇಕು. 14.2 ಕಿಲೋ ಸಿಲಿಂಡರಿನ ಅನಿಲದಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖವಿದೆ. ಭಾರತೀಯ ಮಾನಕ ಕೇಳುವ ಶೇ. 68ರ ದಕ್ಷತೆ ನಿಮ್ಮ ಗ್ಯಾಸ್ ಒಲೆಗಿದ್ದರೆ, ಅದೇ ಅಡುಗೆಗೆ ಇಂಡಕ್ಷನ್ 140ಕ್ಕೂ ಮೇಲೆ ಯೂನಿಟ್ ತಿನ್ನುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಹಿಡಿದರೆ ಸಿಲಿಂಡರಿನ ಬೆಲೆಗೆ ಹತ್ತಿರಹತ್ತಿರವೇ ಬರುತ್ತದೆ. ಬರ್ನರ್ ಕಟ್ಟಿಕೊಂಡ ಹಳೆಯ ಒಲೆಯಾದರೆ ಇಂಡಕ್ಷನ್ ಗೆಲ್ಲುತ್ತದೆ. ಕರ್ನಾಟಕದ ಮನೆಗಳಿಗೆ ಇನ್ನೊಂದು ತಿರುವಿದೆ: ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಈಗಲೇ 150ರ ಹತ್ತಿರವಿರುವ ಮನೆ ದಿನದ ಅಡುಗೆಯನ್ನೆಲ್ಲ ಇದಕ್ಕೆ ವರ್ಗಾಯಿಸಿದರೆ ಗೆರೆ ದಾಟುವುದು ಸುಲಭ.

ಕೊಳ್ಳಲು ಹೋಗುವವರು ತೆಳು ತಳದ, ಒಲೆಗೆ ಒಗ್ಗುವ ಅಗಲವಾದ ಬಾಣಲೆಯೊಂದನ್ನು ಜೊತೆಗೆ ಒಯ್ಯಬೇಕು. ಬೆರಳ ದಪ್ಪ ನೀರು ಹಾಕಿ ಮೊದಲು ಜೋರಾಗಿ ಕಾಯಿಸಿ. ಗುಳ್ಳೆಗಳು ಬಳೆಯಂತೆ ಏಳುವ ಜಾಗವೇ ಸುರುಳಿಯ ನಿಜವಾದ ಅಗಲ. ಕುದಿ ಬಂದ ಮೇಲೆ 300 ವ್ಯಾಟ್‌ಗೆ ಇಳಿಸಿ, ಎರಡು ನಿಮಿಷ ಗಮನಿಸಿ. ಗುಳ್ಳೆ ಎದ್ದು, ಪೂರ್ತಿ ನಿಂತು, ಮತ್ತೆ ಏಳುತ್ತಿದ್ದರೆ ಆ ಒಲೆಯನ್ನು ಅನ್ನಕ್ಕೂ ಬೇಳೆಗೂ ಕೊಳ್ಳಬಹುದು, ಪಾಯಸಕ್ಕಲ್ಲ. ಮೆಲ್ಲಗೆ, ಬಿಡದೆ ಏಳುತ್ತಿದ್ದರೆ ನಾಲ್ಕುನೂರೋ ಐನೂರೋ ರೂಪಾಯಿ ಹೆಚ್ಚು ಕೊಟ್ಟಾದರೂ ಅದನ್ನೇ ತರಬೇಕು.