ಬೇಳೇರಿಯವರ ಭತ್ತದ ಭಂಡಾರ

ಕಾಡುಭತ್ತದ ಕಾಳು ಮಾಗಿದೊಡನೆ ಉದುರಿಬಿಡುತ್ತದೆ. ಉದುರದೆ ತೆನೆಯಲ್ಲೇ ಉಳಿದದ್ದನ್ನು ಕೊಯ್ದು, ಅದನ್ನೇ ಮತ್ತೆ ಬಿತ್ತುತ್ತ ಬಂದ ರೈತರು ಸಾವಿರಾರು ವರ್ಷಗಳಲ್ಲಿ ಆ ಹುಲ್ಲನ್ನು ಪಳಗಿಸಿದರು.

ಪುತ್ತೂರು, ಸುಳ್ಯ, ಕಡಬದ ಬೈಲುಗದ್ದೆಗಳು ಅಡಿಕೆತೋಟಗಳಾದಂತೆ ಏಣೆಲು, ಸುಗ್ಗಿ, ಕೊಳಕೆ ಎಂಬ ಭತ್ತದ ಹಂಗಾಮುಗಳಿಗೆ ಒಗ್ಗಿದ್ದ, ಹೀಗೆ ಪಳಗಿ ಬಂದ ಎಷ್ಟೋ ತಳಿಗಳು ಮರೆಯಾದವು. ಪುತ್ತೂರಿಗೆ ತಾಗಿದಂತಿರುವ ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು ಮಾತ್ರ 650ಕ್ಕೂ ಹೆಚ್ಚು ಸಾಂಪ್ರದಾಯಿಕ ತಳಿಗಳನ್ನು ಉಳಿಸಿಕೊಂಡಿದ್ದಾರೆ. ಗದ್ದೆಯ ಕೊರತೆಗೆ ಅವರು ಕಂಡುಕೊಂಡ ಉಪಾಯ ಸರಳ: ಪೇಪರ್ ಲೋಟದಲ್ಲಿ ಸಸಿ, ಆಮೇಲೆ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಪೈರು. ಒಂದೊಂದು ತಳಿಗೂ ಅದರದೇ ಚೀಲ. ಕಾಳು ಕಲಬೆರಕೆಯಾಗುವ ಭಯ ಕಡಿಮೆ.

2024ರ ಪದ್ಮಶ್ರೀ ಸಂದದ್ದು ಈ ತಾಳ್ಮೆಗೆ. ಬೀಜ ಉಳಿಯುವುದು ಬಿತ್ತಿದರೆ ಮಾತ್ರ. ಅಂಗಳವಿದ್ದವರು ಒಂದು ಚೀಲವನ್ನಾದರೂ ಇಡಿ.