ಕೋಲಾರಕ್ಕೂ ಕೋಲಾರಕ್ಕೂ ತಾಳೆಯಾಗದಾಗ

ಪೈಥಾನ್‌ನ ಪೈಟೆಸ್ಟ್‌ನಲ್ಲಿ ತಾಲ್ಲೂಕುಗಳ ಹೆಸರಿನ ಪಟ್ಟಿ ಹೋಲಿಸುವ ಟೆಸ್ಟ್ ಫೇಲಾಗಿ ಪರದೆಯ ಮೇಲೆ ‘ಬೇಕಿದ್ದದ್ದು: ಕೋಲಾರ, ಬಂದದ್ದು: ಕೋಲಾರ’ ಎಂದು ಬಂದರೆ ಏನು ಮಾಡುತ್ತೀರಿ?

ಕಣ್ಣುಜ್ಜಿಕೊಂಡು ಪ್ರಯೋಜನವಿಲ್ಲ. ಅದೇ ಪಟ್ಟಿಯಲ್ಲಿ ಮಾಲೂರು, ಮುಳಬಾಗಿಲು ಪಾಸಾಗಿ ಶ್ರೀನಿವಾಸಪುರವೂ ಫೇಲಾದರೆ ಗುಟ್ಟು ಯೂನಿಕೋಡ್‌ನಲ್ಲಿದೆ. ‘ಕೋ’ದ ಓಕಾರ ಒಂದೇ ಸಂಕೇತವಾಗಿರಬಹುದು, ಎಕಾರ, ಊಕಾರ, ದೀರ್ಘಚಿಹ್ನೆ ಎಂದು ಮೂರಾಗಿಯೂ ಇರಬಹುದು. ‘ಶ್ರೀ’ಯ ಈಕಾರವೂ ಎರಡಾಗಿ ಒಡೆಯುತ್ತದೆ. ಹಾಗಾಗಿ ಕೋಲಾರ ಒಂದು ಕಡೆ 5 ಸಂಕೇತ, ಇನ್ನೊಂದು ಕಡೆ 7. ಮಾಲೂರು, ಮುಳಬಾಗಿಲುಗಳಲ್ಲಿ ಒಡೆಯುವಂಥ ಚಿಹ್ನೆಯೇ ಇಲ್ಲ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಕಡತಗಳ ಹೆಸರನ್ನು ಒಡೆದೇ ಇಡುತ್ತಿತ್ತು. ತಾಲ್ಲೂಕಿನ ಹೆಸರಿಟ್ಟ ಕಡತ ಅಲ್ಲಿಂದ ಬಂದರೆ ಈ ಪಜೀತಿ ಖಾತ್ರಿ.

ಹೋಲಿಸುವ ಮುನ್ನ ಎರಡನ್ನೂ ಒಡೆದ ಚಿಹ್ನೆಗಳನ್ನು ಕೂಡಿಸಿಡುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ರೋಗ ವಾಸಿ. ಆದರೆ ರೋಗ ಯಾವುದೆಂದು ಹೇಳಬೇಕಾದ್ದು ಎರರ್ ಮೆಸೇಜ್ ತಾನೆ? ‘ಬರೀ ಅಸರ್ಟ್ ಸಾಕು, ಪೈಟೆಸ್ಟ್ ಎರಡೂ ಬೆಲೆ ತೋರಿಸುತ್ತಲ್ಲ’ ಎನ್ನುವ ಪಂಥದೊಂದಿಗೆ ನನ್ನ ಜಗಳ ಹಳೆಯದು. ತೋರಿಸುತ್ತದೆ ಸ್ವಾಮಿ, ಕೋಲಾರವನ್ನು ಎರಡು ಸಲ ತೋರಿಸುತ್ತದೆ!

ಇಂಥವರಿಗೆ ನಾನು ಕೊಡುವ ಓದು 1949ರದು. ಆ ವರ್ಷ ಕೇಂಬ್ರಿಜ್ ಸಮ್ಮೇಳನದಲ್ಲಿ ಅಲನ್ ಟ್ಯೂರಿಂಗ್ ಮಂಡಿಸಿದ ಪುಟ್ಟ ಪ್ರಬಂಧದ ವಾದ ಹೀಗಿದೆ: ಉದ್ದನೆಯ ಕೂಡುವ ಲೆಕ್ಕದಲ್ಲಿ ಉತ್ತರ ಮಾತ್ರ ಬರೆದಿಟ್ಟರೆ ತಾಳೆ ನೋಡುವವನು ಇಡೀ ಲೆಕ್ಕವನ್ನೇ ಮತ್ತೆ ಮಾಡಬೇಕು. ಮುಂದಿನ ಕಂಬಸಾಲಿಗೆ ಒಯ್ದ ದಶಕಗಳನ್ನೂ ಬರೆದಿಟ್ಟರೆ ಒಂದೊಂದು ಕಂಬಸಾಲನ್ನೂ ಬೇರೆಬೇರೆಯಾಗಿ ನೋಡಬಹುದು. ಪ್ರೋಗ್ರಾಮ್ ಬರೆಯುವವರೂ ಹಾಗೆಯೇ ಅಲ್ಲಲ್ಲಿ ಖಚಿತ ಹೇಳಿಕೆಗಳನ್ನು ಇಡಬೇಕು. ಫ್ಯಾಕ್ಟೋರಿಯಲ್ ಲೆಕ್ಕ ಹಾಕುವ ಪ್ರೋಗ್ರಾಮನ್ನೇ ಉದಾಹರಣೆಯಾಗಿಟ್ಟು ಅವರು ಇದನ್ನು ತೋರಿಸಿಕೊಟ್ಟರು. ಅಸರ್ಷನ್‌ನ ಮೂಲಗಳಲ್ಲಿ ಒಂದು ಇಲ್ಲಿದೆ. ಸರಿಯಾದ ಮೆಸೇಜ್ ಎಂದರೆ ಬರೆದಿಟ್ಟ ದಶಕ.

ಈ ಲೆಕ್ಕದಲ್ಲಿ ಕೋಲಾರದ ಮೆಸೇಜ್ ‘ಉದ್ದ 5, ಬಂದದ್ದು 7’ ಎಂದು ಹೇಳಬೇಕು, ಜತೆಗೆ ಪೈಥಾನ್‌ನ ಆಸ್ಕಿ ಫಂಕ್ಷನ್ ಕೊಡುವ ಸಂಕೇತಗಳನ್ನು ಮುದ್ರಿಸಬೇಕು. ಹಾಗೆ ಹೇಳುತ್ತದೆಯೇ ಎಂದು ನೋಡಲು ಒಡೆದ ಕೋಲಾರವನ್ನು ಬೇಕೆಂದೇ ಕೊಟ್ಟು ಅಸರ್ಷನ್ನನ್ನು ಬೀಳಿಸಿ, ಪೈಟೆಸ್ಟ್‌ನ ರೈಸಸ್‌ನಲ್ಲಿ ಹಿಡಿಯಿರಿ. ಅದರ ಮ್ಯಾಚ್ ರೆಗ್ಯುಲರ್ ಎಕ್ಸ್‌ಪ್ರೆಷನ್ ಆದ್ದರಿಂದ ಮೆಸೇಜಿನಲ್ಲಿ ಆವರಣ ಚಿಹ್ನೆ ಇದ್ದರೆ ಎಸ್ಕೇಪ್ ಮಾಡುವುದು ಮರೆಯಬೇಡಿ. ರೈಸಸ್ ಬದಲು ಟ್ರೈ ಒಳಗೇ ಫೇಲ್ ಮಾಡಿಸಲು ಅಸರ್ಷನ್ ಎರರ್ ಎಸೆದು, ಕೆಳಗೆ ಎಲ್ಲ ಎಕ್ಸೆಪ್ಷನ್‌ಗಳನ್ನೂ ಹಿಡಿಯುವವರ ಟೆಸ್ಟ್ ಯಾವತ್ತೂ ಪಾಸು: ಎಸೆದದ್ದೂ ಅವರೇ, ನುಂಗಿದ್ದೂ ಅವರೇ.

‘ಮೆಸೇಜಿನ ಪದ ಬದಲಾದರೆ ಟೆಸ್ಟ್ ಮುರಿಯುತ್ತದೆ’ ಎಂಬ ಆಕ್ಷೇಪಕ್ಕೆ ನನ್ನ ಒಪ್ಪಿಗೆಯಿದೆ. ಪದಗಳನ್ನು ಬಿಡಿ, 5 ಮತ್ತು 7 ಇವೆಯೇ ನೋಡಿ. ಬೀಳುವುದನ್ನು ಕಣ್ಣಾರೆ ಕಾಣದ ಅಸರ್ಷನ್ನನ್ನು ಮಾತ್ರ ಮರ್ಜ್ ಮಾಡಬೇಡಿ.