ಪ್ರಶ್ನೆಪತ್ರಿಕೆಗೆ ಎರೆಹೊಲ ಕಾಣುವುದೆ?

ನವಲಗುಂದ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಏಳನೆಯ ತರಗತಿಯ ವಿಜ್ಞಾನದ ಉತ್ತರಪತ್ರಿಕೆಗಳನ್ನು ನೋಡುವ ಅವಕಾಶ ನನಗೆ ಒಮ್ಮೆ ದೊರೆಯಿತು. 'ಕಪ್ಪು ಮಣ್ಣಿನ ಎರಡು ಲಕ್ಷಣಗಳನ್ನು ಬರೆಯಿರಿ' ಎಂಬುದು ಒಂದು ಪ್ರಶ್ನೆ. ಹುಡುಗನೊಬ್ಬ 'ನೀರನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಬೆಳೆಗೆ ಸೂಕ್ತವಾಗಿದೆ' ಎಂದು ಬರೆದು ಎರಡಕ್ಕೆ ಎರಡು ಅಂಕ ಪಡೆದಿದ್ದ. ಶಾಲೆಯ ಹಿಂದೆಯೇ ಕಡಲೆಯ ಹೊಲವಿತ್ತು. ಮಳೆ ನಿಂತು ಎರಡು ತಿಂಗಳಾದರೂ ಈ ಕಡಲೆ ಹೇಗೆ ಹಸಿರಾಗಿದೆ ಎಂದು ಅವನನ್ನೇ ಕೇಳಿದೆ. 'ಅದು ಹಿಂಗಾರಿ ಪೀಕ್ ರೀ ಸರ. ಮಂಜಿಗೆ ಬೆಳೀತೈತ್ರಿ' ಎಂದ.

ಮಂಜಿನಿಂದ ಎಲೆಗೆ ಸ್ವಲ್ಪ ತೇವ ದೊರೆಯುವುದು ನಿಜ. ಆದರೆ ಹಿಂಗಾರಿ ಕಡಲೆ, ಬಿಳಿಜೋಳ, ಕುಸುಬೆಗಳು ಬದುಕುವುದು ಮುಖ್ಯವಾಗಿ ಎರೆಮಣ್ಣು ಮಳೆಗಾಲದಲ್ಲಿ ಹೀರಿಟ್ಟುಕೊಂಡ ನೀರಿನಿಂದ. ಹುಡುಗ ಉತ್ತರಪತ್ರಿಕೆಯಲ್ಲಿ ಬರೆದ ವಾಕ್ಯವೇ ನನ್ನ ಪ್ರಶ್ನೆಗೂ ಉತ್ತರ. ಆದರೆ ಆ ವಾಕ್ಯಕ್ಕೂ ಈ ಹೊಲಕ್ಕೂ ಸಂಬಂಧವಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಹಾಗಾದರೆ ಆ ಎರಡು ಅಂಕಗಳು ಏನನ್ನು ಅಳೆದವು?

ನಮ್ಮ ಪ್ರಶ್ನೆಗಳ ಸ್ವರೂಪ

ಆರರಿಂದ ಎಂಟನೆಯ ತರಗತಿಯವರೆಗಿನ ನಮ್ಮ ವಿಜ್ಞಾನ ಪ್ರಶ್ನೆಪತ್ರಿಕೆಗಳಲ್ಲಿ 'ಎಂದರೇನು?', 'ಹೆಸರಿಸಿ', 'ಬಿಟ್ಟ ಸ್ಥಳ ತುಂಬಿ', 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗಳದೇ ಮೇಲುಗೈ. ಇವು ಬೇಡವೆಂದಲ್ಲ. ಪದಗಳನ್ನು ತಿಳಿಯದೆ ವಿಜ್ಞಾನ ಕಲಿಯಲಾಗದು. ಆದರೆ ಪದ ಗೊತ್ತಿದ್ದವನಿಗೆ ಅರ್ಥವೂ ಗೊತ್ತಿದೆ ಎಂದು ಇಂಥ ಪತ್ರಿಕೆ ಭಾವಿಸಿಬಿಡುತ್ತದೆ.

2023ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ನಡೆದಾಗ ದೊಡ್ಡ ವಿವಾದವೇ ಎದ್ದಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು; 2024ರ ಸುತ್ತಿನ ಫಲಿತಾಂಶಕ್ಕೆ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಪರೀಕ್ಷೆ ಬೇಕೆ ಬೇಡವೆ, ಅದನ್ನು ಯಾರು ನಡೆಸಬೇಕು ಎಂಬ ಬಗ್ಗೆ ಬಹಳ ಚರ್ಚೆಯಾಯಿತು. ಪತ್ರಿಕೆಯೊಳಗಿನ ಪ್ರಶ್ನೆ ಎಂಥದ್ದು ಎಂಬ ಬಗ್ಗೆ ಅಷ್ಟು ಚರ್ಚೆ ಆಗಲಿಲ್ಲ.

ಇದು ಬರಿಯ ತಾತ್ತ್ವಿಕ ಪ್ರಶ್ನೆಯಲ್ಲ. ಎಂಟನೆಯ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ವಿಷಯ ಪತ್ರಿಕೆಯ 90 ಪ್ರಶ್ನೆಗಳಲ್ಲಿ 35 ವಿಜ್ಞಾನದವು. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಕುಂದಗೋಳ, ಕಲಘಟಗಿಯ ಕೂಲಿಕಾರರ ಮನೆಯಲ್ಲಿ ಹುಡುಗಿಯೊಬ್ಬಳು ಹೈಸ್ಕೂಲಿಗೆ ಹೋಗುವುದೋ ಮೆಣಸಿನಕಾಯಿ ಬಿಡಿಸಲು ಹೋಗುವುದೋ ಎಂಬುದನ್ನು ಈ ಹಣ ನಿರ್ಧರಿಸಬಹುದು. ಆದ್ದರಿಂದ ಪ್ರಶ್ನೆ ಸರಿಯಾದುದನ್ನು ಅಳೆಯಬೇಕು.

ತಪ್ಪು ಉತ್ತರಕ್ಕೂ ಬೆಲೆ

ಅಮೆರಿಕದ ವಿಜ್ಞಾನ ಪ್ರಗತಿ ಸಂಘವು (ಎಎಎಎಸ್) 1985ರಲ್ಲಿ, ಹ್ಯಾಲಿ ಧೂಮಕೇತು ಭೂಮಿಯತ್ತ ಬರುತ್ತಿದ್ದಾಗ, 'ಪ್ರಾಜೆಕ್ಟ್ 2061' ಎಂಬ ಯೋಜನೆ ಆರಂಭಿಸಿತು. ಆ ಧೂಮಕೇತು ಮತ್ತೆ ಬರುವ ವರ್ಷವೇ 2061. ಈ ಯೋಜನೆಯವರು 2011ರಲ್ಲಿ ಭೌತ, ಭೂ ಮತ್ತು ಜೀವ ವಿಜ್ಞಾನಗಳಿಗೆ ಸಂಬಂಧಿಸಿದ 600ಕ್ಕೂ ಹೆಚ್ಚು ಬಹು ಆಯ್ಕೆ ಪ್ರಶ್ನೆಗಳನ್ನು ಶಿಕ್ಷಕರಿಗೆ ಮುಕ್ತವಾಗಿ ಒದಗಿಸಿದರು. ಅವುಗಳ ವಿಶೇಷ ಇರುವುದು ತಪ್ಪು ಆಯ್ಕೆಗಳಲ್ಲಿ. ಮಕ್ಕಳಲ್ಲಿ ನಿಜವಾಗಿ ಇರುವ ತಪ್ಪು ಕಲ್ಪನೆಗಳನ್ನು ಸಂಶೋಧನೆಯಿಂದ ಗುರುತಿಸಿ, ಅವನ್ನೇ ಆಯ್ಕೆಗಳಾಗಿ ಕೊಟ್ಟಿದ್ದಾರೆ. ಹೀಗಾಗಿ ತಪ್ಪು ಗುರುತಿಸಿದ ಮಗು ಏನನ್ನು ನಂಬಿದೆ ಎಂಬುದು ಶಿಕ್ಷಕರಿಗೆ ತಿಳಿಯುತ್ತದೆ.

ಆ ಮಾದರಿಯಲ್ಲಿ ನಾವೇ ಒಂದು ಪ್ರಶ್ನೆ ಮಾಡಬಹುದು. 'ಸ್ಟೀಲ್ ಲೋಟದಲ್ಲಿ ಮಂಜುಗಡ್ಡೆ ಹಾಕಿಟ್ಟರೆ ಹೊರಮೈಯಲ್ಲಿ ಹನಿಗಳು ಮೂಡುತ್ತವೆ. ಆ ನೀರು ಎಲ್ಲಿಂದ ಬಂತು? (ಅ) ಲೋಟದೊಳಗಿಂದ ಸೋರಿತು. (ಆ) ತಂಪು ನೀರಾಗಿ ಬದಲಾಯಿತು. (ಇ) ಗಾಳಿಯಲ್ಲಿದ್ದ ನೀರಾವಿಯಿಂದ. (ಈ) ಕರಗಿದ ಮಂಜುಗಡ್ಡೆ ಹೊರಗೆ ಹಾರಿ ಅಂಟಿತು.' ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ಹೊರಮೈ ಒದ್ದೆಯಾಗುವುದನ್ನು ದಿನವೂ ಕಾಣುವ ನಮ್ಮ ಮಗು (ಅ) ಎಂದರೆ ಆಶ್ಚರ್ಯವಿಲ್ಲ. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗುವುದು ನಿಜವೇ. ಅದು ಆವಿಯಾಗುವುದರಿಂದಲೇ ಗಡಿಗೆಯ ನೀರು ತಣ್ಣಗಾಗುತ್ತದೆ. ಮಗುವಿನ ಅನುಭವ ಸರಿ. ಅದನ್ನು ರಂಧ್ರವಿಲ್ಲದ ಸ್ಟೀಲಿಗೆ ಅನ್ವಯಿಸಿದ್ದು ತಪ್ಪು. ಎರಡನ್ನೂ ಜೊತೆಗಿಟ್ಟು ಪಾಠ ಮಾಡಲು ಶಿಕ್ಷಕರಿಗೆ ಇಲ್ಲಿ ಒಳ್ಳೆಯ ದಾರಿ ಸಿಕ್ಕಿತು. 'ಸಾಂದ್ರೀಕರಣ ಎಂದರೇನು?' ಎಂಬ ಪ್ರಶ್ನೆಯಿಂದ ಇದು ಸಿಕ್ಕುತ್ತಿರಲಿಲ್ಲ.

ಜೀವ ವಿಜ್ಞಾನದಲ್ಲಿಯೂ ಹೀಗೆಯೇ. 'ಜೋಳದ ದಂಟಿನ ಒಣ ತೂಕ ಹೆಚ್ಚಾಗಿ ಎಲ್ಲಿಂದ ಬಂತು?' ಎಂದು ಕೇಳಿದರೆ ರೈತರ ಮಕ್ಕಳು 'ಗೊಬ್ಬರದಿಂದ', 'ಮಣ್ಣಿನಿಂದ' ಎನ್ನುವ ಸಂಭವ ಹೆಚ್ಚು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುವವರೂ ಹೀಗೆ ಹೇಳಬಹುದು. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರೇ ದಂಟಾಗಿವೆ ಎಂಬುದು ನಂಬಲು ಕಷ್ಟ. ವಾನ್ ಹೆಲ್ಮಾಂಟ್ ಐದು ವರ್ಷ ಕುಂಡದಲ್ಲಿ ವಿಲೋ ಗಿಡ ಬೆಳೆಸಿ, ಮಣ್ಣಿನ ತೂಕ ಬಹುತೇಕ ಕಡಿಮೆಯಾಗಿಲ್ಲವೆಂದು ಕಂಡ. ಆದರೂ ಅವನು ಮರವೆಲ್ಲ ನೀರಿನಿಂದಲೇ ಆಯಿತೆಂದು ತಿಳಿದ. ಗಾಳಿಯ ಪಾತ್ರ ಅವನಿಗೆ ಹೊಳೆಯಲಿಲ್ಲ. ಹದಿನೇಳನೆಯ ಶತಮಾನದ ವಿದ್ವಾಂಸನಿಗೇ ಹೊಳೆಯದ್ದನ್ನು ನಮ್ಮ ಮಗು ಒಂದು ಸಮೀಕರಣದಿಂದ ಅರಿಯಬೇಕೆಂದು ನಾವು ಬಯಸುತ್ತಿದ್ದೇವೆ.

ತಂದು ಹಚ್ಚಿದರೆ ಸಾಲದು

ಹಾಗೆಂದು ಹೊರಗಿನ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ ಹಂಚಿದರೆ ಕೆಲಸ ಮುಗಿಯದು. ಭೂ ವಿಜ್ಞಾನದಲ್ಲಿ ಇದು ಬಹಳ ಸ್ಪಷ್ಟ. ಉತ್ತರದ ದೇಶಗಳ ಪುಸ್ತಕಗಳಲ್ಲಿ ಬೇಸಿಗೆಯೆಂದರೆ ಜೂನ್, ಜುಲೈ, ಆಗಸ್ಟ್. ಸೂರ್ಯ ಅತ್ಯಂತ ಎತ್ತರದಲ್ಲಿರುವುದು ಜೂನ್ 21ರಂದು. ಅಣ್ಣಿಗೇರಿಯ ಮಗುವಿಗೆ ಬೇಸಿಗೆ ಮಾರ್ಚ್‌ನಿಂದ ಮೇವರೆಗೆ. ಜೂನ್ ಎಂದರೆ ಮುಂಗಾರು. ಧಾರವಾಡ ಜಿಲ್ಲೆ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುವುದು ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಇನ್ನೊಮ್ಮೆ. ಜೂನ್ 21ರಂದು ಅದು ನೆತ್ತಿಯಿಂದ ಸುಮಾರು 8 ಡಿಗ್ರಿ ಉತ್ತರಕ್ಕಿರುತ್ತದೆ. ತಾನು ಕಂಡದ್ದನ್ನೇ ಬರೆದ ಮಗು ಭಾಷಾಂತರದ ಪತ್ರಿಕೆಯಲ್ಲಿ ತಪ್ಪುಗಾರನಾಗುತ್ತದೆ.

ಆದರೆ ಅದೇ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು ನೋಡಿ. ಗಡಿಯಾರದ ಸುಮಾರು ಹನ್ನೆರಡೂವರೆಗೆ, ಮೋಡವಿಲ್ಲದಿದ್ದರೆ, ಜೂನ್ 21ರಂದು ನೆರಳು ದಕ್ಷಿಣಕ್ಕೆ ಸುಮಾರು 14 ಸೆಂ.ಮೀ. ಇರುತ್ತದೆ. ಡಿಸೆಂಬರ್ 21ರಂದು ಉತ್ತರಕ್ಕೆ ಸುಮಾರು 80 ಸೆಂ.ಮೀ. ಬೀಳುತ್ತದೆ. 'ಡಿಸೆಂಬರಿನಲ್ಲಿ ನೆರಳು ಏಕೆ ಉದ್ದ? ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ.; ಆದರೂ ನಮಗೆ ಆಗ ಚಳಿ ಏಕೆ?' ಇವು ನಮ್ಮ ಅಂಗಳದ ಪ್ರಶ್ನೆಗಳು. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ ಎಂಬ ತಪ್ಪು ಕಲ್ಪನೆ ಇವುಗಳ ಮುಂದೆ ನಿಲ್ಲದು.

ಬಹು ಆಯ್ಕೆ ಪ್ರಶ್ನೆಗೆ ಇನ್ನೊಂದು ಕೊರತೆಯೂ ಇದೆ. ನಾಲ್ಕರಲ್ಲಿ ಒಂದನ್ನು ಕಣ್ಣು ಮುಚ್ಚಿ ಗುರುತಿಸಿದರೂ ನೂರಕ್ಕೆ ಇಪ್ಪತ್ತೈದು ಸರಿಯಾಗಬಹುದು. 2017 ಮತ್ತು 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳಲ್ಲಿ ಎಂಟನೆಯ ತರಗತಿಯ ವಿಜ್ಞಾನವನ್ನು ಬಹು ಆಯ್ಕೆ ಪ್ರಶ್ನೆಗಳಿಂದಲೇ ಅಳೆಯಲಾಯಿತು. ಅವುಗಳ ಶೇಕಡಾವಾರು ಅಂಕಿಗಳನ್ನು ಓದುವಾಗ ಇದನ್ನು ಮರೆಯಬಾರದು. ಆಸ್ಟ್ರೇಲಿಯದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ವಿವರಿಸಿದ ಎರಡು ಹಂತದ ಪ್ರಶ್ನೆ ಇದಕ್ಕೆ ಸರಳ ಪರಿಹಾರ: ಮೊದಲು ಉತ್ತರವನ್ನು ಗುರುತಿಸುವುದು, ಬಳಿಕ ಕಾರಣವನ್ನು ಗುರುತಿಸುವುದು. ನಮ್ಮ ಶಾಲೆಗಳಲ್ಲಿ ಕಾರಣವನ್ನು ಮಗುವೇ ಒಂದು ವಾಕ್ಯದಲ್ಲಿ ಬರೆದರೂ ಸಾಕು. ಅದನ್ನು ಧಾರವಾಡದ ಆಡುಮಾತಿನಲ್ಲಿ ಬರೆದರೆ ಅಂಕ ಕಡಿಯಬಾರದು.

ಮಾಡಬಹುದಾದದ್ದು

ಬಹುತರಗತಿ ಬೋಧನೆ, ಬಿಸಿಯೂಟ, ದಾಖಲೆಗಳ ನಡುವೆ ಹೊಸ ಪ್ರಶ್ನೆ ಮಾಡಲು ವೇಳೆ ಎಲ್ಲಿದೆ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಇಡೀ ಪತ್ರಿಕೆಯನ್ನು ಬದಲಿಸಬೇಕಾಗಿಲ್ಲ. ಪ್ರತಿ ಕಿರುಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆ ಇಂಥದ್ದಿರಲಿ. ಮಕ್ಕಳು ಕೊಟ್ಟ ತಪ್ಪು ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷದ ತಪ್ಪು ಆಯ್ಕೆಗಳು ಅಲ್ಲಿಯೇ ಸಿಗುತ್ತವೆ. ಸಮೂಹ ಮಟ್ಟದ ಸಭೆಯಲ್ಲಿ ಹತ್ತು ಶಾಲೆಗಳವರು ಈ ನೋಟ್‌ಬುಕ್ಕುಗಳನ್ನು ಎದುರುಬದುರು ಇಟ್ಟು ನೋಡಲಿ. ನವಲಗುಂದದ ಎರೆ ಭೂಮಿಯ ಮಕ್ಕಳೂ ಕಲಘಟಗಿಯ ಮಲೆನಾಡಿನ ಸೆರಗಿನ ಮಕ್ಕಳೂ ಮಣ್ಣಿನ ಬಗ್ಗೆ ಒಂದೇ ತಪ್ಪು ಮಾಡುತ್ತಾರೆಯೆ ಎಂಬುದೇ ಒಳ್ಳೆಯ ಅಧ್ಯಯನವಾದೀತು.

ಆ ಹುಡುಗನಿಗೆ ಮುಂದಿನ ಬಾರಿ ಹೀಗೆ ಕೇಳೋಣ: 'ಒಂದೇ ಮಳೆ ಬಿದ್ದ ಎರೆಹೊಲ, ಮಸಾರಿ ಹೊಲಗಳಲ್ಲಿ ಯಾವುದರಲ್ಲಿ ಹಿಂಗಾರಿ ಕಡಲೆ ಚೆನ್ನಾಗಿ ಬಂದೀತು? ಏಕೆ?' ಮಂಜು ಎರಡೂ ಹೊಲಗಳ ಮೇಲೆ ಬೀಳುತ್ತದೆ. ಆದ್ದರಿಂದ ಅವನು ಮಣ್ಣಿನ ಕಡೆಗೆ ನೋಡಲೇಬೇಕಾಗುತ್ತದೆ. ತಾನು ಬಾಯಿಪಾಠ ಮಾಡಿದ ವಾಕ್ಯ ತನ್ನ ಅಪ್ಪನ ಹೊಲದ್ದೇ ಎಂದು ಅವನಿಗೆ ತಿಳಿದ ದಿನ, ಅವನ ಎರಡು ಅಂಕಗಳು ನಿಜವಾಗಿಯೂ ಅವನವಾಗುತ್ತವೆ.